ಹಂದಿಗೋಡು ಕಾಯಿಲೆಯವರ ನೋವಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಚಿಕಿತ್ಸೆ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಶಿವಮೊಗ್ಗ ಜಿಲ್ಲೆ, ಶಿವಮೊಗ್ಗ

ಇವರಿಂದ,
ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಹಂದಿಗೋಡು ಕಾಯಿಲೆ ಬಾಧಿತ ಕುಟುಂಬಗಳು

ವಿಷಯ: ದೀರ್ಘಕಾಲದ ನೋವಿನ ಚಿಕಿತ್ಸೆ, ಅಂಗವೈಕಲ್ಯ ಪ್ರಮಾಣಪತ್ರ ಹಾಗೂ ಮನೆಯ ಸೌಲಭ್ಯಗಳ ಬಗ್ಗೆ.

ಮಾನ್ಯರೇ,

ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಈ ಕಾಯಿಲೆ ಬೆಳಕಿಗೆ ಬಂದದ್ದು 1970ರ ದಶಕದ ಮಧ್ಯಭಾಗದಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರದಿ ಮಾಡಿದರು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದು ಬಂತೆಂಬ ಊಹೆಯೂ ಆಗ ಹಬ್ಬಿತು. ಇದು ಮೂಳೆ ಬೆಳವಣಿಗೆಯ ಆನುವಂಶಿಕ ದೋಷ, ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದು ಮುಂದಿನ ವಂಶಾವಳಿ ಅಧ್ಯಯನಗಳು ತಿಳಿಸಿದವು. ಏಡಿಯ ಮಾತು ಮಾತ್ರ ಊರು ಬಿಟ್ಟು ಹೋಗಿಲ್ಲ.

ಬಾಧಿತರಲ್ಲಿ ಹೆಚ್ಚಿನವರು ಪರಿಶಿಷ್ಟ ಜಾತಿಯ ಚನ್ನಂಗಿ ಮತ್ತು ಛಲವಾದಿ ಸಮುದಾಯಗಳ ಕೂಲಿಕಾರರು. ಕೆಲವರು ಕುಳ್ಳಗೆ ಉಳಿಯುತ್ತಾರೆ, ಕೆಲವರಿಗೆ ಸೊಂಟದ ಕೀಲು ಕೆಟ್ಟು ನಡಿಗೆ ವಾಲುತ್ತದೆ. ಇನ್ನು ಕೆಲವರು ನೋಡಲು ಎಲ್ಲರಂತೆಯೇ ಇರುತ್ತಾರೆ. ಸೊಂಟ, ಮಂಡಿ ಮಾತ್ರ ಬಿಡದೆ ನೋಯುತ್ತವೆ. ನಮ್ಮ ಇಂದಿನ ಮನವಿ ಮುಖ್ಯವಾಗಿ ಈ ಕೊನೆಯವರದು. ನಾಟಿಗೆ ಬಗ್ಗಿದವಳು ಸೊಂಟ ಹಿಡಿದುಕೊಂಡೇ ಬದುವಿಗೆ ಬರುತ್ತಾಳೆ. ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕೂತರೆ ಏಳುವಾಗ ಗೋಡೆ ಬೇಕು. ಕುಕ್ಕುರುಗಾಲಿನಲ್ಲಿ ಕೂರಲಾಗದೆ, ಸರ್ಕಾರದ ಹಣದಲ್ಲೇ ಕಟ್ಟಿದ ಶೌಚಾಲಯದಲ್ಲಿ ಸೌದೆ ಪೇರಿಸಿಟ್ಟ ಮನೆಗಳಿವೆ. ತಪಾಸಣೆಗೆ ಬಂದ ಅಧಿಕಾರಿಗಳು ಇದಕ್ಕೆ ಕಾರಣ ಬಳಕೆಯ ಅರಿವಿಲ್ಲದ್ದು ಎಂದು ಬರೆದುಕೊಂಡು ಹೋದದ್ದೂ ಉಂಟು.

ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಕುಬ್ಜತೆಯನ್ನು ಹೆಸರಿಸಿ ಪಟ್ಟಿಗೆ ಸೇರಿಸಿದೆ. ನೋವನ್ನು ಆ ಪಟ್ಟಿಯಲ್ಲಿ ಹೆಸರಿಸಿಲ್ಲ. ಮುಖ್ಯವಾಗಿ ಕೀಲು ಎಷ್ಟು ಮಡಚುತ್ತದೆ ಎಂದು ನೋಡಿ ಶೇಕಡಾವಾರು ಹಾಕುವಾಗ ನಮ್ಮವರು ಶೇ 40ರ ಕೆಳಗೆ ಉಳಿಯುತ್ತಾರೆ, ಪಿಂಚಣಿ ಅಲ್ಲಿಗೆ ಮುಗಿಯಿತು. ನೋವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ಫೈಬ್ರೊಮಯಾಲ್ಜಿಯಾ ಎಂಬ ಮೈಕೈ ನೋವಿನ ಕಾಯಿಲೆಯಲ್ಲಿ ಎಕ್ಸ್‌ರೇ, ರಕ್ತಪರೀಕ್ಷೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಮೈಯಲ್ಲಿ ಎಲ್ಲೆಲ್ಲಿ ನೋವು, ಆಯಾಸ ಎಷ್ಟು, ನಿದ್ದೆ ಹೇಗೆ ಎಂದು ರೋಗಿಯನ್ನೇ ಕೇಳಿ ಅಂಕ ಹಾಕುವ ಮಾನದಂಡವನ್ನು ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 2010ರಲ್ಲೇ ಕೊಟ್ಟಿದೆ. ನಮ್ಮದು ಬೇರೆ ಕಾಯಿಲೆ, ನಿಜ. ಆದರೂ ಕೇಳಿ ಅಳೆಯುವ ದಾರಿ ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಆದ್ದರಿಂದ ಅಂಗವೈಕಲ್ಯ ತಪಾಸಣೆಯ ವೇಳೆ ನೋವು, ನಡೆಯಬಲ್ಲ ದೂರ, ಮಾಡಬಲ್ಲ ಕೆಲಸ ಇವನ್ನೂ ದಾಖಲಿಸುವಂತೆ ವೈದ್ಯಕೀಯ ಮಂಡಳಿಗೆ ಸೂಚಿಸಬೇಕು. ನಿಯಮ ತಿದ್ದುಪಡಿಗೆ ಸರ್ಕಾರಕ್ಕೆ ಶಿಫಾರಸು ಕಳಿಸಬೇಕು.

ಚಿಕಿತ್ಸೆಯ ವಿಷಯದಲ್ಲಿ ನಾವು ದೊಡ್ಡದೇನನ್ನೂ ಕೇಳುತ್ತಿಲ್ಲ. ಮೂರೂ ತಾಲ್ಲೂಕು ಕೇಂದ್ರಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಂ ಫಿಸಿಯೊಥೆರಪಿಸ್ಟ್ ಇರಲಿ, ವಾರದಲ್ಲಿ ಒಂದು ನಿಗದಿತ ದಿನ ನೋವಿನ ಚಿಕಿತ್ಸಾಲಯ ನಡೆಯಲಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿಂದ ಮೂಳೆ ತಜ್ಞರು ತಿಂಗಳಿಗೊಮ್ಮೆ ಆ ದಿನಕ್ಕೆ ಬರಲಿ. ಸಾಗರದಿಂದ ಅಲ್ಲಿಗೆ ಸುಮಾರು 70 ಕಿ.ಮೀ.; ಸೊಂಟ ಕೆಟ್ಟವರಿಗೆ ಬಸ್ಸಿನ ಮೆಟ್ಟಿಲೇ ಮೊದಲ ತಡೆ, ಹೋದರೆ ಒಂದು ದಿನದ ಕೂಲಿಯೂ ಹೋಯಿತು. ಹತ್ತಿರದಲ್ಲಿ ಕೇಳುವವರಿಲ್ಲದೆ ಜನ ನೋವಿನ ಮಾತ್ರೆಯನ್ನೇ ನೆಚ್ಚಿಕೊಂಡಿದ್ದಾರೆ. ಡೈಕ್ಲೊಫೆನಾಕ್‌ನಂಥ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ ಬರಬಹುದು. ಹೀಗೆ ಮಾತ್ರೆ ಸೇವಿಸುತ್ತಿರುವವರ ಮೂತ್ರಪಿಂಡದ ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡಿಸಬೇಕು. ಮದುವೆ, ಮಕ್ಕಳ ಬಗ್ಗೆ ಕೇಳುವ ಯುವಜನರಿಗೆ ಆನುವಂಶಿಕ ಸಲಹೆ ಕನ್ನಡದಲ್ಲಿ, ಗೋಪ್ಯವಾಗಿ ಸಿಗಬೇಕು.

ಬಾಧಿತರ ಮನೆಗಳಿಗೆ ಎತ್ತರದ ಕಮೋಡ್, ಹಿಡಿಕಂಬಿ ಹಾಕಿಸಲು ಪರಿಶಿಷ್ಟ ಜಾತಿ ಉಪಯೋಜನೆಯ ಹಣ ಬಳಸಬಹುದು. ಆ ಉಪಯೋಜನೆಯ ಕಾಯ್ದೆ 2013ರಿಂದಲೂ ಇದೆ. ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊರುವ ಬದಲು ನೀರು ಕೊಡುವ, ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಕೊಡುವಂತೆ ಗ್ರಾಮ ಪಂಚಾಯಿತಿಗಳಿಗೆ ಆದೇಶವಾಗಲಿ.

ಇನ್ನೊಂದು ಮಾತು. ನಮ್ಮ ರಕ್ತ, ಎಕ್ಸ್‌ರೇ, ಫೋಟೊ ತೆಗೆದುಕೊಂಡು ಹೋದವರು ಬಹಳ ಮಂದಿ. ಅವುಗಳಿಂದ ಏನು ತಿಳಿಯಿತೆಂದು ನಮಗೆ ಬಂದು ಹೇಳಿದವರು ಕಡಿಮೆ. ಮುಂದೆ ಯಾವುದೇ ಅಧ್ಯಯನಕ್ಕೆ ಅನುಮತಿ ಕೊಡುವಾಗ, ಅದರ ಫಲಿತಾಂಶವನ್ನು ಕನ್ನಡದಲ್ಲಿ ನಮ್ಮ ಗ್ರಾಮಸಭೆಯ ಮುಂದಿಡಬೇಕೆಂಬ ಷರತ್ತು ಹಾಕಬೇಕು.

ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು, ಆರೋಗ್ಯ, ಸಮಾಜ ಕಲ್ಯಾಣ ಮತ್ತು ವಿಕಲಚೇತನರ ಇಲಾಖೆಗಳ ಅಧಿಕಾರಿಗಳೊಂದಿಗೆ ನಮ್ಮ ಪ್ರತಿನಿಧಿಗಳ ಸಭೆಯನ್ನು ಸಾಗರದಲ್ಲೇ ಕರೆಯಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಮೂರೂ ತಾಲ್ಲೂಕುಗಳ ಬಾಧಿತ ಕುಟುಂಬಗಳ ಪರವಾಗಿ
(ಸಹಿಗಳು ಹಾಗೂ ಹೆಬ್ಬೆಟ್ಟಿನ ಗುರುತುಗಳನ್ನು ಲಗತ್ತಿಸಿದೆ)