ನೀರಿನ ಕೊಳವೆಗಳಿಗೆ ಜೋಡಿಸುವ ಇಲೆಕ್ಟ್ರಾನಿಕ್ ಮಾಪಕಗಳು ಮತ್ತು ಅವುಗಳ ಕ್ಲಿಪ್‌ಗಳ ವಿನ್ಯಾಸ: ಉತ್ತರ ಬೆಂಗಳೂರಿನ ಬಳಕೆದಾರರಿಗಾಗಿ ಒಂದು ವಿಶ್ಲೇಷಣೆ

1. ಪೀಠಿಕೆ

ಯಲಹಂಕ, ಹೆಬ್ಬಾಳ, ಯಶವಂತಪುರ ಹಾಗೂ ಆರ್.ಟಿ. ನಗರ ಭಾಗದ ವಸತಿ ಸಮುಚ್ಚಯಗಳಲ್ಲಿ ಪ್ರತಿಯೊಂದು ಮನೆಯ ನೀರಿನ ಬಳಕೆಯನ್ನು ಪ್ರತ್ಯೇಕವಾಗಿ ಅಳೆಯಬೇಕೆಂಬ ಬೇಡಿಕೆ ಇತ್ತೀಚಿನ ವರ್ಷಗಳಲ್ಲಿ ಬಲಗೊಂಡಿದೆ. ಗೋಡೆಯನ್ನು ಒಡೆಯದೆ, ಕೊಳವೆಯನ್ನು ಕತ್ತರಿಸದೆ, ಹೊರಗಿನಿಂದಲೇ ಕ್ಲಿಪ್ ಅಥವಾ ಕ್ಲಾಂಪ್ ಮೂಲಕ ಜೋಡಿಸಬಹುದಾದ ಸಣ್ಣ ಇಲೆಕ್ಟ್ರಾನಿಕ್ ಉಪಕರಣಗಳು ಮಾರುಕಟ್ಟೆಯಲ್ಲಿ ದೊರೆಯುತ್ತಿವೆ. ಖರೀದಿಸುವಾಗ ಬಳಕೆದಾರರ ಗಮನವೆಲ್ಲ ಉಪಕರಣದ ಪರದೆ ಮತ್ತು ಮೊಬೈಲ್ ಸಂದೇಶಗಳ ಮೇಲಿರುತ್ತದೆ. ಆದರೆ ಮಾಪನ ಸರಿಯಾಗಿದೆಯೇ, ಕೊಳವೆ ಸುರಕ್ಷಿತವಾಗಿದೆಯೇ ಎಂಬುದು ಬಹುಮಟ್ಟಿಗೆ ಉಪಕರಣವನ್ನು ಕೊಳವೆಗೆ ಹಿಡಿದಿಡುವ ಕ್ಲಿಪ್‌ನಿಂದ ನಿರ್ಧಾರವಾಗುತ್ತದೆ. ಈ ಕುರಿತು ಸಾರ್ವಜನಿಕರಿಗೆ ಅಗತ್ಯ ಮಾಹಿತಿಯನ್ನು ಒದಗಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2. ಹಿನ್ನೆಲೆ

ಬೆಂಗಳೂರಿಗೆ ಕೊಳವೆಯ ಮೂಲಕ ನೀರು ಮೊದಲು ಬಂದದ್ದು ಉತ್ತರ ದಿಕ್ಕಿನಿಂದಲೇ. 1890ರ ದಶಕದಲ್ಲಿ ಅರ್ಕಾವತಿ ನದಿಯ ಹೆಸರಘಟ್ಟ ಕೆರೆಯಿಂದ ಸೋಲದೇವನಹಳ್ಳಿಯ ಮಾರ್ಗವಾಗಿ ನಗರಕ್ಕೆ ನೀರು ಪೂರೈಸಲಾಯಿತು. 1964ರಲ್ಲಿ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಸ್ಥಾಪನೆಯಾಯಿತು. 1974ರಿಂದ ಕಾವೇರಿ ನೀರು ನಗರದ ಮುಖ್ಯ ಆಧಾರವಾಯಿತು. ಆದಾಗ್ಯೂ 2007ರಲ್ಲಿ ಯಲಹಂಕ ಮತ್ತು ಬ್ಯಾಟರಾಯನಪುರ ನಗರಸಭೆಗಳೂ ಸುತ್ತಲಿನ ಗ್ರಾಮಗಳೂ ನಗರದ ಆಡಳಿತ ವ್ಯಾಪ್ತಿಗೆ ಸೇರಿದ ತರುವಾಯವೂ ಈ ಭಾಗದ ಅನೇಕ ಬಡಾವಣೆಗಳು ದೀರ್ಘಕಾಲ ಕೊಳವೆ ಬಾವಿ ಹಾಗೂ ಟ್ಯಾಂಕರ್ ನೀರನ್ನೇ ಅವಲಂಬಿಸಿದ್ದವು.

2023ರ ಮುಂಗಾರು ಕೈಕೊಟ್ಟ ಪರಿಣಾಮವಾಗಿ 2024ರ ಬೇಸಿಗೆಯಲ್ಲಿ ನಗರವು ತೀವ್ರ ಅಭಾವವನ್ನು ಎದುರಿಸಿತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಮುಖ್ಯಮಂತ್ರಿಗಳು ನೀಡಿದ ಮಾಹಿತಿಯಂತೆ ನಗರದ ಅಗತ್ಯ ದಿನಕ್ಕೆ 2,600 ದಶಲಕ್ಷ ಲೀಟರ್ ಇದ್ದು, ಕಾವೇರಿಯಿಂದ 1,470 ದಶಲಕ್ಷ ಲೀಟರ್ ಹಾಗೂ ಕೊಳವೆ ಬಾವಿಗಳಿಂದ 650 ದಶಲಕ್ಷ ಲೀಟರ್ ದೊರೆಯುತ್ತಿತ್ತು. ಸರ್ಕಾರಿ ಸ್ವಾಮ್ಯದ ಸುಮಾರು 14,000 ಕೊಳವೆ ಬಾವಿಗಳ ಪೈಕಿ 6,900 ಬತ್ತಿಹೋಗಿದ್ದವು. ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ ಬಳಸಿದವರಿಗೆ 5,000 ರೂಪಾಯಿ ದಂಡ ವಿಧಿಸುವ ಆದೇಶವೂ, ನಲ್ಲಿಗಳಿಗೆ ಏರಿಯೇಟರ್ ಅಳವಡಿಸುವ ಆದೇಶವೂ ಅದೇ ತಿಂಗಳಲ್ಲಿ ಹೊರಬಿದ್ದವು. 2024ರ ಅಕ್ಟೋಬರ್ 16ರಂದು ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತದ ಯೋಜನೆಯು 110 ಹಳ್ಳಿಗಳನ್ನು ಗುರಿಯಾಗಿರಿಸಿಕೊಂಡು ಲೋಕಾರ್ಪಣೆಗೊಂಡಿತು. 2025ರ ಏಪ್ರಿಲ್‌ನಲ್ಲಿ, ಒಂದು ದಶಕಕ್ಕೂ ಹೆಚ್ಚಿನ ಅವಧಿಯ ನಂತರ, ನೀರಿನ ದರ ಪರಿಷ್ಕರಣೆಯಾಯಿತು.

ನೀರು ದುರ್ಲಭವಾಗಿ ದರವೂ ಏರಿದಾಗ, ಇಬ್ಬರಿರುವ ಮನೆಯೂ ಆರು ಮಂದಿಯಿರುವ ಮನೆಯೂ ಸಮಪಾಲು ಕಟ್ಟುವುದು ನ್ಯಾಯವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಮನೆವಾರು ಮಾಪನದ ಬೇಡಿಕೆಯ ಮೂಲ ಇಲ್ಲಿದೆ.

3. ಕ್ಲಿಪ್ ಮೂಲಕ ಜೋಡಿಸುವುದೇಕೆ?

ಹಳೆಯ ಸಮುಚ್ಚಯಗಳಲ್ಲಿ ಒಂದು ಮನೆಗೆ ನೀರು ಒಂದೇ ಕಡೆಯಿಂದ ಬರುವುದಿಲ್ಲ. ಪ್ರತಿಯೊಂದು ಸ್ನಾನಗೃಹಕ್ಕೂ ಅಡುಗೆಮನೆಗೂ ಓವರ್‌ಹೆಡ್ ಟ್ಯಾಂಕ್‌ನಿಂದ ಪ್ರತ್ಯೇಕ ಇಳಿಗೊಳವೆ ಬರುತ್ತದೆ. ಅಷ್ಟೂ ಕಡೆ ಕೊಳವೆ ಕತ್ತರಿಸಿ ಮೀಟರ್ ಕೂರಿಸುವುದು ಖರ್ಚಿನ ಹಾಗೂ ಶ್ರಮದ ಕೆಲಸ. ಆದುದರಿಂದ ಹೊರಗಿನಿಂದ ಜೋಡಿಸುವ ಉಪಕರಣಗಳು ಆಕರ್ಷಕವಾಗಿ ಕಾಣುತ್ತವೆ. ಇವುಗಳಲ್ಲಿ ಮುಖ್ಯವಾಗಿ ಮೂರು ವಿಧಗಳಿವೆ:

ಅ) ಈಗಾಗಲೇ ಇರುವ ಯಾಂತ್ರಿಕ ಮೀಟರಿನ ಮೇಲೆ ಕುಳಿತು ಅದರ ಸುತ್ತುಗಳನ್ನು ಎಣಿಸಿ ರವಾನಿಸುವ ಉಪಕರಣ.
ಆ) ಕೊಳವೆಯ ಗೋಡೆಯ ಮೂಲಕ ಶ್ರವಣಾತೀತ ಧ್ವನಿಯನ್ನು ಹಾಯಿಸಿ ನೀರಿನ ವೇಗವನ್ನು ಅಳೆಯುವ ಉಪಕರಣ. ಹರಿವಿನ ದಿಕ್ಕಿನಲ್ಲಿ ಧ್ವನಿಯು ಬೇಗನೆ, ವಿರುದ್ಧ ದಿಕ್ಕಿನಲ್ಲಿ ತುಸು ತಡವಾಗಿ ತಲುಪುತ್ತದೆ. ಈ ವ್ಯತ್ಯಾಸವೇ ಲೆಕ್ಕದ ಆಧಾರ.
ಇ) ಉಷ್ಣತೆ, ಕಂಪನ ಅಥವಾ ಸೋರಿಕೆಯನ್ನು ಗುರುತಿಸುವ ಸಣ್ಣ ಸಂವೇದಕ. ಇದು ಎಚ್ಚರಿಕೆ ನೀಡುತ್ತದೆಯೇ ಹೊರತು ಬಿಲ್ಲಿಗೆ ಆಧಾರವಾಗಲಾರದು.

4. ಕೊಳವೆಯ ಹೆಸರು ಮತ್ತು ನಿಜವಾದ ಅಳತೆ

ಕ್ಲಿಪ್ ಕೊಳ್ಳುವಾಗ ಉಂಟಾಗುವ ಸಾಮಾನ್ಯ ತಪ್ಪು ಇಲ್ಲಿದೆ. ಅಂಗಡಿಯಲ್ಲಿ "ಅರ್ಧ ಇಂಚು" ಎಂದು ಕರೆಯುವ ಕೊಳವೆಗಳೆಲ್ಲವೂ ಒಂದೇ ಗಾತ್ರದವಲ್ಲ. ಅರ್ಧ ಇಂಚಿನ ಜಿ.ಐ. ಕೊಳವೆಯ ಹೊರವ್ಯಾಸವು ಸುಮಾರು 21.3 ಮಿ.ಮೀ.; ಮನೆಗಳೊಳಗೆ ಬಳಸುವ ಅರ್ಧ ಇಂಚಿನ ಸಿ.ಪಿ.ವಿ.ಸಿ. ಕೊಳವೆಯದು ಸುಮಾರು 15.9 ಮಿ.ಮೀ. ಮಾತ್ರ. ಮುಕ್ಕಾಲು ಇಂಚಿನ ಸಿ.ಪಿ.ವಿ.ಸಿ. ಕೊಳವೆಯು 22.2 ಮಿ.ಮೀ. ಇರುವುದರಿಂದ ಅರ್ಧ ಇಂಚಿನ ಜಿ.ಐ. ಕೊಳವೆಯನ್ನು ಬಹುಪಾಲು ಹೋಲುತ್ತದೆ. ಒಂದಕ್ಕೆ ತಯಾರಿಸಿದ ಕ್ಲಿಪ್ ಇನ್ನೊಂದಕ್ಕೆ ಬಲವಂತವಾಗಿ ಕೂರಬಹುದು. ಆದರೆ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಹೆಸರನ್ನು ನಂಬದೆ ವರ್ನಿಯರ್ ಕ್ಯಾಲಿಪರ್‌ನಿಂದ ಹೊರವ್ಯಾಸವನ್ನು ಅಳೆದು ಬರೆದುಕೊಳ್ಳುವುದು ಸೂಕ್ತ.

5. ಉತ್ತಮ ಕ್ಲಿಪ್‌ನ ಲಕ್ಷಣಗಳು

ಅ) ಆಕಾರ: ಕೊಳವೆಯ ಸುತ್ತಳತೆಯ ಅರ್ಧಕ್ಕಿಂತ ತುಸು ಹೆಚ್ಚು ಭಾಗವನ್ನು ತಬ್ಬುವ, ಒತ್ತಿದಾಗ ಕೂರುವ ಕ್ಲಿಪ್ ಹಗುರವಾದ ಉಷ್ಣತಾ ಸಂವೇದಕಕ್ಕೆ ಸಾಕು. ಇದು ಒಂದೇ ವ್ಯಾಸಕ್ಕೆ ಹೊಂದುವುದಲ್ಲದೆ ಕಾಲಕ್ರಮದಲ್ಲಿ ಜಾರಬಹುದು. ಮಾಪಕಗಳಿಗೆ ತಳದಲ್ಲಿ ಇಳಿಜಾರಾದ ಎರಡು ಮೈಗಳುಳ್ಳ ಪೀಠವೂ, ಮೇಲಿನಿಂದ ಬಿಗಿಯುವ ಪಟ್ಟಿಯೂ ಇರುವ ಕ್ಲಾಂಪ್ ಉತ್ತಮ. ಇಂತಹ ಪೀಠವು ಕೊಳವೆಯನ್ನು ಎರಡು ರೇಖೆಗಳಲ್ಲಿ ಮುಟ್ಟುವುದರಿಂದ ವ್ಯಾಸದಲ್ಲಿ ಅಲ್ಪ ವ್ಯತ್ಯಾಸವಿದ್ದರೂ ಉಪಕರಣವು ಕೊಳವೆಯ ನಡುರೇಖೆಗೆ ನೇರವಾಗಿಯೇ ನಿಲ್ಲುತ್ತದೆ.

ಆ) ಬಿಗಿತ: ಸಡಿಲವಾದರೆ ಉಪಕರಣ ಜಾರುತ್ತದೆ, ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಕೊಳವೆಯು ಅಂಡಾಕಾರಕ್ಕೆ ತಿರುಗಿ, ತಿಂಗಳುಗಳ ನಂತರ ಬಿರುಕು ಬಿಡುವ ಸಾಧ್ಯತೆಯಿದೆ. ಪ್ಲಾಸ್ಟಿಕ್ ಪಟ್ಟಿಗಳು ಸತತ ಒತ್ತಡದಲ್ಲಿ ನಿಧಾನವಾಗಿ ಹಿಗ್ಗುತ್ತವೆ. ಇದನ್ನು ಸರಿದೂಗಿಸಲು ಸ್ಪ್ರಿಂಗ್ ಇರುವ ವಿನ್ಯಾಸವು ಹೆಚ್ಚು ಬಾಳಿಕೆ ಬರುತ್ತದೆ.

ಇ) ಉಷ್ಣದ ಹಿಗ್ಗುವಿಕೆ: ಸೌರ ಜಲತಾಪಕದಿಂದ ಬರುವ ಸಿ.ಪಿ.ವಿ.ಸಿ. ಕೊಳವೆಯ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದಲ್ಲಿ 3 ಮೀಟರ್ ಉದ್ದದ ಕೊಳವೆಯು ಸುಮಾರು 7ರಿಂದ 8 ಮಿ.ಮೀ. ಉದ್ದವಾಗುತ್ತದೆ. ಅದೇ ಉದ್ದದ ಉಕ್ಕಿನ ಕೊಳವೆಯು 1.5 ಮಿ.ಮೀ. ಸಹ ಹಿಗ್ಗುವುದಿಲ್ಲ. ಆದುದರಿಂದ ಕ್ಲಿಪ್‌ನ ಒಂದು ಭಾಗವನ್ನು ಕೊಳವೆಗೂ ಇನ್ನೊಂದನ್ನು ಗೋಡೆಗೂ ಬಿಗಿಯತಕ್ಕದ್ದಲ್ಲ. ಶ್ರವಣಾತೀತ ಮಾಪಕದ ಎರಡು ಸಂವೇದಕಗಳು ಒಂದೇ ಪಟ್ಟಿಯ ಮೇಲೆ ನಿಗದಿತ ಅಂತರದಲ್ಲಿ ಇರಬೇಕು. ಬೇರೆಬೇರೆ ಕ್ಲಿಪ್‌ಗಳಲ್ಲಿದ್ದರೆ ಅಂತರ ಬದಲಾಗಿ ಮಾಪನ ಕೆಡುತ್ತದೆ.

ಈ) ವಸ್ತು: ಬಿಸಿಲಿಗೆ ತೆರೆದುಕೊಂಡ ತಾರಸಿಯಲ್ಲಿ ಸಾಮಾನ್ಯ ಪ್ಲಾಸ್ಟಿಕ್ ಕ್ಲಿಪ್‌ಗಳು ಪೆಡಸಾಗಿ ಮುರಿಯುತ್ತವೆ. ಬಿಸಿಲು ತಾಳುವ ವಸ್ತುವನ್ನೇ ಕೇಳಿ ಪಡೆಯಬೇಕು. ಕೆಲವು ಮೃದು ಪಿ.ವಿ.ಸಿ. ಪಟ್ಟಿಗಳು ಹಾಗೂ ಖನಿಜ ತೈಲ ಬೆರೆತ ಗ್ರೀಸ್‌ಗಳು ಸಿ.ಪಿ.ವಿ.ಸಿ. ಕೊಳವೆಯನ್ನು ದುರ್ಬಲಗೊಳಿಸುತ್ತವೆ. ಸಂವೇದಕದಡಿ ಹಚ್ಚುವ ಗ್ರೀಸ್ ಮತ್ತು ಒಳಪದರದ ರಬ್ಬರ್ ಎರಡೂ ಕೊಳವೆ ತಯಾರಕರು ಒಪ್ಪಿದವೇ ಆಗಿರಬೇಕು.

ಉ) ಸ್ಥಳ: ಅಡ್ಡ ಕೊಳವೆಯಲ್ಲಿ ಸಂವೇದಕಗಳು ಪಕ್ಕಕ್ಕೆ ಇರಬೇಕು. ಮೇಲ್ಭಾಗದಲ್ಲಿ ಗಾಳಿಯೂ ಕೆಳಭಾಗದಲ್ಲಿ ಕೆಸರೂ ನಿಲ್ಲುತ್ತವೆ. ಇಳಿಗೊಳವೆಯಲ್ಲಿ ನೀರು ಪೂರ್ಣವಾಗಿ ತುಂಬಿರದ ಸಂದರ್ಭಗಳುಂಟು. ಆದ್ದರಿಂದ ಮನೆಯೊಳಗೆ ಹೋಗುವ ಕವಲಿನಲ್ಲಿ ಜೋಡಿಸುವುದು ಲೇಸು. ಸಾಮಾನ್ಯವಾಗಿ ಮಾಪಕದ ಮೊದಲು ವ್ಯಾಸದ 10 ಪಟ್ಟು, ನಂತರ 5 ಪಟ್ಟು ಉದ್ದದ ನೇರ ಕೊಳವೆ ಇರಬೇಕೆಂದು ತಯಾರಕರು ಸೂಚಿಸುತ್ತಾರೆ.

6. ಬಿಲ್ಲಿನ ಮೇಲೆ ಪರಿಣಾಮ

ಶ್ರವಣಾತೀತ ಮಾಪಕವು ವೇಗವನ್ನಷ್ಟೇ ಅಳೆಯುತ್ತದೆ. ಲೀಟರ್ ಲೆಕ್ಕವು ಕೊಳವೆಯ ಒಳವ್ಯಾಸವನ್ನು ಅವಲಂಬಿಸಿದೆ. ಒಳವ್ಯಾಸ 20 ಮಿ.ಮೀ. ಎಂದು ನಮೂದಿಸಿದ್ದು, ಕೊಳವೆ ಬಾವಿಯ ಗಡಸು ನೀರಿನಿಂದ ಒಳಗೋಡೆಯ ಮೇಲೆ ಅರ್ಧ ಮಿ.ಮೀ. ಸುಣ್ಣದ ಪದರ ಕಟ್ಟಿದ್ದರೆ ನಿಜವಾದ ಒಳವ್ಯಾಸವು 19 ಮಿ.ಮೀ. ಆಗುತ್ತದೆ. ಅಷ್ಟರಿಂದಲೇ ಮಾಪಕವು ಶೇಕಡಾ 10ಕ್ಕಿಂತ ತುಸು ಹೆಚ್ಚು ಬಳಕೆಯನ್ನು ತೋರಿಸುತ್ತದೆ.

ಎಲ್ಲ ಮನೆಗಳಲ್ಲಿಯೂ ಒಂದೇ ಪ್ರಮಾಣದ ದೋಷವಿದ್ದರೆ, ಒಟ್ಟು ಬಿಲ್ಲನ್ನು ಹಂಚುವಾಗ ಯಾರಿಗೂ ನಷ್ಟವಿಲ್ಲ. ದೋಷವು ಮನೆಯಿಂದ ಮನೆಗೆ ಬೇರೆಯಾದಾಗ ಅನ್ಯಾಯ ಪ್ರಾರಂಭವಾಗುತ್ತದೆ. ಉದಾಹರಣೆಗೆ, ಎರಡು ಮನೆಗಳು ತಲಾ 10,000 ಲೀಟರ್ ಬಳಸಿ, ಒಟ್ಟು ಬಿಲ್ಲು 4,200 ರೂಪಾಯಿ ಬಂದಿದೆ ಎಂದಿಟ್ಟುಕೊಳ್ಳೋಣ. ತಲಾ 2,100 ರೂಪಾಯಿ ನ್ಯಾಯವಾದ ಪಾಲು. ಸ್ನಾನಗೃಹವನ್ನು ನವೀಕರಿಸಿ ಹೊಸ ಕೊಳವೆ ಹಾಕಿಸಿದ ಮನೆಯ ಮಾಪಕ 10,000 ಲೀಟರ್ ತೋರಿಸಿ, ಹಳೆಯ ಜಿ.ಐ. ಕೊಳವೆಯಿರುವ ಮನೆಯದು 11,000 ತೋರಿಸಿದರೆ ಮೊದಲನೆಯವರು 2,000 ರೂಪಾಯಿಯನ್ನೂ ಎರಡನೆಯವರು 2,200 ರೂಪಾಯಿಯನ್ನೂ ಕಟ್ಟಬೇಕಾಗುತ್ತದೆ. ಕೊಳವೆ ಬದಲಿಸುವ ಶಕ್ತಿಯಿಲ್ಲದ ನಿವೃತ್ತ ದಂಪತಿಯೋ ಬಾಡಿಗೆದಾರರೋ ಪ್ರತಿ ತಿಂಗಳೂ ನೆರೆಯವರ ಪಾಲನ್ನು ಭರಿಸಿದಂತಾಗುತ್ತದೆ. ಸಮಾನತೆಗಾಗಿ ತಂದ ಉಪಕರಣವೇ ಅಸಮಾನತೆಗೆ ಕಾರಣವಾಗಬಾರದು.

7. ಕಾನೂನು ಮತ್ತು ಮಾನಕಗಳು

ಗೃಹಬಳಕೆಯ ಯಾಂತ್ರಿಕ ನೀರಿನ ಮೀಟರುಗಳಿಗೆ ಐ.ಎಸ್. 779 ಭಾರತೀಯ ಮಾನಕವು ಅನ್ವಯಿಸುತ್ತದೆ. ಅದರಂತೆ ಸಾಮಾನ್ಯ ಹರಿವಿನಲ್ಲಿ ಶೇಕಡಾ 2ರಷ್ಟು, ಅತಿ ಕಡಿಮೆ ಹರಿವಿನಲ್ಲಿ ಶೇಕಡಾ 5ರಷ್ಟು ವ್ಯತ್ಯಾಸಕ್ಕೆ ಮಾತ್ರ ಅವಕಾಶವಿದೆ. ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009 ಹಾಗೂ ಅದರಡಿಯ 2011ರ ಸಾಮಾನ್ಯ ನಿಯಮಗಳ ವ್ಯಾಪ್ತಿಯಲ್ಲಿ ನೀರಿನ ಮೀಟರುಗಳೂ ಬರುತ್ತವೆ. ಹಣ ವಸೂಲಿಗೆ ಬಳಸುವ ಉಪಕರಣಕ್ಕೆ ಮಾದರಿ ಅನುಮೋದನೆ ಇದೆಯೇ ಎಂದು ಮಾರಾಟಗಾರರನ್ನು ಕೇಳುವುದು ಅಗತ್ಯ. ನಿಸ್ತಂತು ರವಾನೆಗೆ ಪರವಾನಗಿಮುಕ್ತವಾದ 865ರಿಂದ 868 ಮೆಗಾಹರ್ಟ್ಸ್ ತರಂಗಾಂತರವನ್ನು ಬಳಸುವ ಉಪಕರಣಗಳು ಹೆಚ್ಚು ಪ್ರಚಲಿತವಾಗಿವೆ. ಲೋಹದ ಬಾಗಿಲಿರುವ ಡಕ್ಟ್‌ನೊಳಗೆ ಸಂಕೇತವು ಕ್ಷೀಣಿಸುತ್ತದೆಂಬುದನ್ನು ಗಮನದಲ್ಲಿಡಬೇಕು.

8. ಸಂಘಗಳು ಹಾಗೂ ಅರ್ಜಿದಾರರು ಗಮನಿಸಬೇಕಾದ ಅಂಶಗಳು

1) ಮಂಡಳಿಯ ಮೀಟರ್, ಅದರ ಮೊಹರು ಅಥವಾ ಅದರ ಸಂಪರ್ಕ ಕೊಳವೆಗೆ ಮಂಡಳಿಯ ಲಿಖಿತ ಅನುಮತಿ ಇಲ್ಲದೆ ಯಾವುದೇ ಉಪಕರಣವನ್ನು ಜೋಡಿಸಬಾರದು. ಮನೆವಾರು ಮಾಪಕವು ಆಂತರಿಕ ಹಂಚಿಕೆಗೆ ಮಾತ್ರ. ಮಂಡಳಿಯ ಬಿಲ್ಲಿಗೆ ಮುಖ್ಯ ಮೀಟರೇ ಆಧಾರ.
2) ಹೊಸ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವವರು ಕಟ್ಟಡದ ನಕ್ಷೆಯ ಹಂತದಲ್ಲಿಯೇ ಪ್ರತಿ ಮನೆಗೆ ಒಂದೇ ಪ್ರವೇಶ ಕೊಳವೆಯನ್ನು ಯೋಜಿಸಿದಲ್ಲಿ ಮುಂದೆ ಸಾಮಾನ್ಯ ಮೀಟರನ್ನೇ ಅಳವಡಿಸಬಹುದು, ಹೊರಗಿನಿಂದ ಜೋಡಿಸುವ ಪ್ರಮೇಯವೇ ಬರುವುದಿಲ್ಲ.
3) ಶೂನ್ಯ ಪರೀಕ್ಷೆ: ರಾತ್ರಿ ಮನೆಯ ವಾಲ್ವ್ ಮುಚ್ಚಿ ಅಂಕಿಯನ್ನು ಬರೆದಿಡಿ. ಬೆಳಿಗ್ಗೆ ಅದು ಬದಲಾಗಿರಕೂಡದು.
4) ಕ್ಯಾನ್ ಪರೀಕ್ಷೆ: ಉಳಿದ ನಲ್ಲಿಗಳನ್ನು ಮುಚ್ಚಿ 20 ಲೀಟರ್ ಕ್ಯಾನನ್ನು 5 ಬಾರಿ ತುಂಬಿಸಿ. ಮಾಪಕವು 100 ಲೀಟರಿಗೆ ಹತ್ತಿರವಾದ ಅಂಕಿಯನ್ನು ತೋರಿಸಬೇಕು. ವ್ಯತ್ಯಾಸ 5 ಲೀಟರ್ ಮೀರಿದರೆ ಪುನರ್‌ಪರಿಶೀಲನೆ ಕೋರಬಹುದು. ಈ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಪ್ರತಿ ಮನೆಯಲ್ಲಿಯೂ ಸಂಘದ ಸಮ್ಮುಖದಲ್ಲಿ ನಡೆಸುವುದು ಸೂಕ್ತ.
5) ಕ್ಲಿಪ್ ಕೂರಿಸಿದ ಸ್ಥಳವನ್ನು ಕೊಳವೆಯ ಮೇಲೆ ಬಣ್ಣದಿಂದ ಗುರುತಿಸಿ, ಮೊಹರು ಮಾಡಿ, ದಿನಾಂಕ ಹಾಗೂ ಅಂಕಿಯೊಂದಿಗೆ ಛಾಯಾಚಿತ್ರ ತೆಗೆದಿಡಬೇಕು. ಕ್ಲಿಪ್ ಸರಿದಿದೆಯೇ ಎಂಬ ವಿವಾದಕ್ಕೆ ಇದೇ ಸಾಕ್ಷಿ.
6) ಮೊದಲ ಮೂರು ತಿಂಗಳು ಅಂಕಿಗಳನ್ನು ಸೂಚನಾ ಫಲಕದಲ್ಲಿ ಪ್ರಕಟಿಸಿ, ಎಲ್ಲ ಮನೆಗಳ ಮೊತ್ತವನ್ನು ಮುಖ್ಯ ಮೀಟರು, ಕೊಳವೆ ಬಾವಿ ಹಾಗೂ ಟ್ಯಾಂಕರ್ ಲೆಕ್ಕದೊಂದಿಗೆ ತಾಳೆ ನೋಡಬೇಕು. ತದನಂತರವೇ ಸರ್ವಸದಸ್ಯರ ಸಭೆಯ ಒಪ್ಪಿಗೆಯೊಂದಿಗೆ ಹಣ ವಸೂಲಿಗೆ ಬಳಸುವುದು ನ್ಯಾಯಸಮ್ಮತ.
7) ನೀರು ಸರಬರಾಜಿಗೆ ಸಂಬಂಧಿಸಿದ ದೂರುಗಳಿಗೆ ಮಂಡಳಿಯ ಸಹಾಯವಾಣಿ 1916ಅನ್ನು ಸಂಪರ್ಕಿಸಬಹುದು.

9. ಉಪಸಂಹಾರ

ಅಳತೆಯಿಲ್ಲದೆ ಮಿತಬಳಕೆಯಿಲ್ಲ ಎಂಬುದು 2024ರ ಬೇಸಿಗೆ ಕಲಿಸಿದ ಪಾಠ. ಆದರೆ ಅಳತೆಯು ವಿಶ್ವಾಸಾರ್ಹವಾಗಿರದಿದ್ದರೆ ಉಳಿತಾಯಕ್ಕಿಂತ ಮನಸ್ತಾಪವೇ ಹೆಚ್ಚುತ್ತದೆ. ಹೊರಗಿನಿಂದ ಜೋಡಿಸುವ ಮಾಪಕವು ಸೋರಿಕೆ ಪತ್ತೆಗೂ ಬಳಕೆಯ ಪ್ರವೃತ್ತಿಯನ್ನು ತಿಳಿಯಲೂ ಬಹಳ ಉಪಯುಕ್ತ. ಹಣದ ಲೆಕ್ಕಕ್ಕೆ ಬಳಸುವ ಮುನ್ನ ಮಾತ್ರ ಪ್ರತಿಯೊಂದು ಮನೆಯಲ್ಲಿಯೂ ಪರೀಕ್ಷೆಗೆ ಒಳಪಡಿಸುವುದು ಅನಿವಾರ್ಯ. ಕೆಲವೇ ರೂಪಾಯಿಗಳ ಕ್ಲಿಪ್ ಎಂದು ಉಪೇಕ್ಷಿಸದೆ, ಮೇಲ್ಕಂಡ ಅಂಶಗಳನ್ನು ಪರಿಶೀಲಿಸಿ ಮುಂದುವರಿಯಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.