ರಿಕಾಪು ಅಲುಗದಿದ್ದರೆ

1956ರ ಮೇ 1. ಅಮೆರಿಕದ ಮೆಂಫಿಸ್‌ನಲ್ಲಿ 54 ವರ್ಷದ ಗೃಹಿಣಿಯೊಬ್ಬರು ಹಿಂದೆಂದೂ ನಡೆಯದಿದ್ದ ಶಸ್ತ್ರಕ್ರಿಯೆಗೆ ಒಳಗಾದರು. ಕಿವಿ ಮಂದವಾಗಿಸಿದ್ದ ಕಾಯಿಲೆ ಓಟೋಸ್ಕ್ಲಿರೋಸಿಸ್.

ಮಧ್ಯಕಿವಿಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳಿವೆ. ರಿಕಾಪಿನ ಎತ್ತರ ಸುಮಾರು 3 ಮಿ.ಮೀ. ಅಷ್ಟೆ. ಈ ರೋಗದಲ್ಲಿ ಅದರ ಬುಡದಲ್ಲಿ ಹೊಸ ಮೂಳೆ ಬೆಳೆದು ಅದು ಅಲುಗದಂತಾಗುತ್ತದೆ. ಶಬ್ದ ಒಳಕಿವಿಗೆ ಸರಿಯಾಗಿ ದಾಟದು.

ಪತ್ತೆ ಹೇಗೆ? ಮಿಡಿದ ಶ್ರುತಿಕವೆಯ ನಾದ ಕಿವಿಯ ಎದುರಿಗಿಂತ ಕಿವಿಯ ಹಿಂದಿನ ಮೂಳೆಗೆ ಒತ್ತಿದಾಗ ಜೋರಾಗಿ ಕೇಳಿಸಿದರೆ, ತೊಡಕಿರುವುದು ನರದಲ್ಲಲ್ಲ, ಶಬ್ದದ ದಾರಿಯಲ್ಲಿ ಎಂದು ವೈದ್ಯರು ಊಹಿಸುತ್ತಾರೆ.

ಡಾ. ಜಾನ್ ಶಿಯಾ ಆ ಗೃಹಿಣಿಯ ರಿಕಾಪನ್ನು ತೆಗೆದು ಟೆಫ್ಲಾನ್ ರಿಕಾಪು ಕೂರಿಸಿದರು. ಆಕೆಗೆ ಮತ್ತೆ ಕೇಳಿಸಿತು!

ಮಕ್ಕಳೇ, ಮನೆಯ ಹಿರಿಯರು ಮತ್ತೆ ಮತ್ತೆ "ಆಂ?" ಎಂದರೆ ನಗಬೇಡಿ. ಪೋಷಕರೇ, ವಯಸ್ಸಾಯಿತೆಂದು ಸುಮ್ಮನಾಗದೆ ಅವರ ಕಿವಿ ಪರೀಕ್ಷೆ ಮಾಡಿಸಿ.