ಧಿಮಾಕು ಯಾರದು?

ನಮ್ಮೂರಿನ ಮಹಿಳಾ ಸಮಾಜದಲ್ಲಿ ಕಳೆದ ತಿಂಗಳು ‘ನನ್ನ ಮೆಚ್ಚಿನ ಹಾಡು’ ಎಂಬ ಕಾರ್ಯಕ್ರಮವಿತ್ತು. ಭಾವಗೀತೆ, ದೇವರನಾಮಗಳೆಲ್ಲ ಮುಗಿದು ನನ್ನ ಸರದಿ ಬಂತು. ಮಗಳ ಫೋನಿನಿಂದ ಒಂದು ಇಂಗ್ಲಿಷ್ ಹಾಡು ಹಾಕಿದೆ. ಅಮೆರಿಕದ ಕಪ್ಪು ಗಾಯಕಿ ಜೀನ್ ನೈಟ್‌ಗೆ 1971ರಲ್ಲಿ ಹೆಸರು ತಂದುಕೊಟ್ಟ ‘ಮಿಸ್ಟರ್ ಬಿಗ್ ಸ್ಟಫ್’. ಅರ್ಥವನ್ನೂ ವಿವರಿಸಿದೆ. ಕೇಳಿದ ಹಿರಿಯರೊಬ್ಬರು, “ತಾಳವೇನೋ ಚೆನ್ನಾಗಿದೆ ಕಣಮ್ಮ, ಆದರೆ ಹೆಣ್ಣಿಗೆ ಇಷ್ಟು ಧಿಮಾಕು ಇರಬಾರದು” ಎಂದರು. ಅಲ್ಲಿ ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಲಾರೆ.

ಅಷ್ಟಕ್ಕೂ ಆ ಹಾಡಿನಲ್ಲಿರುವುದೇನು? ಒಳ್ಳೆಯ ಬಟ್ಟೆ, ದೊಡ್ಡ ಕಾರು ಇಟ್ಟುಕೊಂಡ ಒಬ್ಬ ಗಂಡಸು. ಊರ ಹುಡುಗಿಯರೆಲ್ಲ ತನ್ನ ಹಿಂದೆ ಬರಬೇಕೆಂದುಕೊಂಡವನು. ಅವನನ್ನು ಒಬ್ಬಳು ನಿಲ್ಲಿಸಿಕೊಂಡು, ನೀನು ಯಾರೆಂದುಕೊಂಡಿದ್ದೀಯ ಎಂದು ಕೇಳುತ್ತಾಳೆ. ನಿನ್ನ ಥಳುಕಿಗಿಂತ ನಿಜವಾಗಿ ಪ್ರೀತಿಸುವ ಬಡವನೇ ಮೇಲು ಎನ್ನುತ್ತಾಳೆ. ಇಷ್ಟೇ. ಬೈಗುಳವಿಲ್ಲ, ಅಳುವಿಲ್ಲ. ಫಂಕ್ ಎಂದು ಕರೆಯುವ, ಕಾಲು ತಾನಾಗಿ ಕುಣಿಯುವ ಆ ಲಯದ ಮೇಲೆ ದನಿಯೇರಿಸದೆ ಕೇಳುತ್ತಾಳೆ. ಹಿಂದಿನಿಂದ ಇತರ ಹೆಣ್ಣುದನಿಗಳು ಹೌದು ಹೌದೆಂದು ಓಗೊಡುತ್ತವೆ. ಮೆರೆಯುವವನು ಅವನು, ಧಿಮಾಕಿನವಳು ಇವಳು! ಇದು ಯಾವ ನ್ಯಾಯ?

ಹಾಡಿದವಳು ಯಾವ ಮಹಾರಾಣಿಯೂ ಅಲ್ಲ. ನ್ಯೂ ಆರ್ಲಿಯನ್ಸ್‌ನ ಒಂದು ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಬ್ರೆಡ್ಡು ಬೇಯಿಸುತ್ತಿದ್ದವಳು. 1970ರ ಮೇ ತಿಂಗಳಲ್ಲಿ ಸಂಗೀತ ನಿರ್ದೇಶಕ ವಾರ್ಡೆಲ್ ಕೆಜರ್ಗ್ ಅವಳನ್ನು ಮಿಸಿಸಿಪಿಯ ಜ್ಯಾಕ್ಸನ್ ನಗರದ ಮಲಾಕೊ ಸ್ಟುಡಿಯೋಗೆ ಕರೆದೊಯ್ದು ಹಾಡಿಸಿದರು. ಅದೇ ತಿಂಗಳು ಅದೇ ಊರಿನಲ್ಲಿ, ಕಪ್ಪು ವಿದ್ಯಾರ್ಥಿಗಳು ಓದುವ ಜ್ಯಾಕ್ಸನ್ ಸ್ಟೇಟ್ ಕಾಲೇಜಿನ ಮೇಲೆ ಪೊಲೀಸರು ಗುಂಡು ಹಾರಿಸಿ ಇಬ್ಬರು ಯುವಕರು ಸತ್ತಿದ್ದರು. ಅಂಥ ಊರಿನಲ್ಲಿ ಕಪ್ಪು ಹೆಣ್ಣೊಬ್ಬಳು ನಿಂತು, ನೀನೇನು ಮಹಾ ಎಂದು ಕೇಳುವ ಹಾಡು ಹಾಡಿದಳು.

ಕಂಪನಿಗಳವರು ಆ ಹಾಡನ್ನು ಬೇಡವೆಂದರು. ಅದೇ ಸ್ಟುಡಿಯೋದಲ್ಲಿ ಅದೇ ತಂಡದೊಂದಿಗೆ ಕಿಂಗ್ ಫ್ಲಾಯ್ಡ್ ಎಂಬಾತ ಹಾಡಿದ ‘ಗ್ರೂವ್ ಮಿ’ ಗೆದ್ದ ಮೇಲೆ, ಮೊದಲು ಬೇಡವೆಂದಿದ್ದ ಸ್ಟಾಕ್ಸ್ ಕಂಪನಿಗೆ ಇವಳ ನೆನಪಾಯಿತು. ಗಂಡಸಿನ ಹಾಡು ದಾರಿ ಮಾಡಿಕೊಡಬೇಕಾಯಿತು ನೋಡಿ! 1971ರಲ್ಲಿ ಬಿಡುಗಡೆಯಾದ ತಟ್ಟೆ 20 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 5 ವಾರ ಮೊದಲ ಸ್ಥಾನ, ಒಟ್ಟು ಪಟ್ಟಿಯಲ್ಲಿ ಎರಡನೆಯದು. ಅಲ್ಲಿ ಇವಳಿಗಿಂತ ಮೇಲೆ ಕೂತಿದ್ದುದು ಬೀ ಜೀಸ್ ಎಂಬ ಅಣ್ಣತಮ್ಮಂದಿರು ಮುರಿದ ಹೃದಯಕ್ಕಾಗಿ ಹಾಡಿದ ಅಳಲಿನ ಹಾಡು. ಗಂಡಸರು ಅತ್ತರೆ ಅದು ಭಾವನೆ. ಹೆಣ್ಣು ಪ್ರಶ್ನೆ ಕೇಳಿದರೆ ಧಿಮಾಕು.

ಈ ಮಾತು ನನಗೆ ಹೊಸದಲ್ಲ. 1983ರಲ್ಲಿ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹುಡುಗನ ತಾಯಿ, “ಹಾಡು ಬರುತ್ತದೆಯೇ?” ಎಂದು ಕೇಳಿದರು. ದೇವರನಾಮ ಶುರು ಮಾಡಿದೆ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಹುಡುಗ ನನ್ನ ಅಪ್ಪನ ಕಡೆ ತಿರುಗಿ, ಯಾವ ಸ್ಕೂಟರ್ ಒಳ್ಳೆಯದೆಂದು ಮಾತು ತೆಗೆದಿದ್ದ. ನಾನು ಹಾಡು ನಿಲ್ಲಿಸಿದ್ದೂ ಅವನಿಗೆ ಗೊತ್ತಾಗಲಿಲ್ಲ. ಅವರು ಹೋದ ಮೇಲೆ ಈ ಸಂಬಂಧ ಬೇಡವೆಂದೆ. ಅಮ್ಮ ಒಂದು ತಿಂಗಳು ನನ್ನೊಂದಿಗೆ ಮಾತಾಡಲಿಲ್ಲ. ಇವಳ ಧಿಮಾಕಿನಿಂದ ತಂಗಿಯ ಮದುವೆಯೂ ನಿಲ್ಲುತ್ತದೆ ಎಂದರು ನೆಂಟರು. ಸ್ಕೂಟರ್ ಕೇಳಿದವನಿಗೆ ಯಾರೂ ಏನೂ ಅನ್ನಲಿಲ್ಲ.

“ಆ ಹಾಡನ್ನು ಅವಳೇ ಬರೆದಳೇ? ಯಾರೋ ಬರೆದುಕೊಟ್ಟದ್ದನ್ನು ಹಾಡಿದಳು ಅಷ್ಟೆ” ಎಂದೂ ಒಬ್ಬರು ಕೊಂಕು ತೆಗೆದರು. ನಿಜ, ಬರೆದವರು ಬೇರೆ ಮೂವರು. ದೇವರನಾಮವನ್ನು ನಾನು ಬರೆದಿದ್ದೆನೇ? ಹಾಡುವವಳ ಗಂಟಲಿನಲ್ಲಿ ಸತ್ಯವಿದ್ದರೆ ಹಾಡು ಅವಳದೇ. ಇದು ಪರದೇಶದ ಕೆಟ್ಟ ಚಾಳಿ ಎನ್ನುವವರಿಗೆ ಇನ್ನೊಂದು ಮಾತು. ನಮ್ಮ ಅಜ್ಜಿಯರು ಮದುವೆಮನೆಯಲ್ಲಿ ಬೀಗರನ್ನು ಹಾಡಿನಲ್ಲೇ ಹಂಗಿಸಿ ನೀರಿಳಿಸುತ್ತಿರಲಿಲ್ಲವೇ? ಆಗ ಎಲ್ಲರೂ ನಗುತ್ತಿದ್ದರು. ಒಂದು ದಿನದ ಮಟ್ಟಿಗೆ ಹೆಣ್ಣಿಗೆ ಕೊಟ್ಟ ಆ ಸಲಿಗೆಯನ್ನು ವರ್ಷವಿಡೀ ಕೊಟ್ಟರೆ ಆಕಾಶ ಬೀಳುತ್ತದೆಯೇ?

ಜೀನ್ ನೈಟ್ 2023ರ ನವೆಂಬರಿನಲ್ಲಿ, ತನ್ನ 80ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅವಳ ಪ್ರಶ್ನೆ ತೀರಿಲ್ಲ. ಅಂದು ನನಗೆ ಬುದ್ಧಿ ಹೇಳಿದ ಹಿರಿಯರ ಮೊಮ್ಮಗಳನ್ನು ನೋಡಲು ಸದ್ಯದಲ್ಲೇ ಗಂಡಿನ ಕಡೆಯವರು ಬರುತ್ತಾರಂತೆ. ದೊಡ್ಡ ಕೆಲಸ, ದೊಡ್ಡ ಕಾರು ಎಂದು ಸಮಾಜದಲ್ಲಿ ಎಲ್ಲರಿಗೂ ಹೇಳಿದರು. ಹುಡುಗ ಹೇಗೆ ಎಂದು ಕೇಳಿದೆ. “ಅದೇ ಹೇಳಿದೆನಲ್ಲ” ಎಂದರು.

ಅಮ್ಮಾ, ಕಾರಿನ ವಿಷಯ ಹೇಳಿದಿರಿ. ಹುಡುಗನ ವಿಷಯವನ್ನು ನಿಮ್ಮ ಮೊಮ್ಮಗಳೇ ಅವನನ್ನು ಕೇಳಲಿ ಬಿಡಿ. ಕೇಳಿದಳೆಂದು ಧಿಮಾಕಿನವಳು ಎನ್ನಬೇಡಿ.